ಬಂಟ್ವಾಳದಿಂದ ಮೂಡುಬಿದಿರೆಗೆ, ಕುದಿಯುವ ಪಿಕಪ್ಪಿನಲ್ಲಿ

ಅಣ್ಣನಿಗೆ ಹೇಳಬೇಕಾಗಿದ್ದ ಒಂದು ವಿಷಯವನ್ನು ನಾನು ಆರು ವರ್ಷ ಹೇಳಲಿಲ್ಲ. ಅವನ ಕಣ್ಣು ಹೋದದ್ದು ದೈವದ ಮುನಿಸಿನಿಂದಲ್ಲ. ನಾನು ಪಿಕಪ್ಪಿನ ಒಂದು ವಯರನ್ನು ಕಿತ್ತು, ತುದಿಗೆ ಟೇಪು ಸುತ್ತಿ, ಸುಮ್ಮನಿದ್ದುದರಿಂದ. ಎರಡು ಮಾತಿನಲ್ಲಿ ಮುಗಿಯುವ ವಿಷಯ. ಆದರೂ ನನಗೆ ಬಾಯಿ ಬರಲಿಲ್ಲ.

ಕಳೆದ ಎಪ್ರಿಲ್ ತಿಂಗಳಿನಲ್ಲಿ ಆ ಪಿಕಪ್ಪನ್ನು ಮೂಡುಬಿದಿರೆಯ ಒಬ್ಬರಿಗೆ ಒಪ್ಪಿಸಲು ಅಣ್ಣನೂ ನಾನೂ ಬಂಟ್ವಾಳದಿಂದ ಹೊರಟೆವು. ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಮೂಡುಬಿದಿರೆಗೆ ಹೋಗಿ, ಬಸ್ಸಿನಲ್ಲಿ ತಿರುಗಿ ಬಂದೆವು. ಒಂದು ಹಗಲಿನ ಪ್ರಯಾಣ. ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಬೀಡಿ ಕಟ್ಟಿದೆ, ಆಮೇಲೆ ಸ್ಟೇರಿಂಗ್ ಹಿಡಿದೆ. ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ಮೊದಲು ಹಿಂದಿನದನ್ನು ಹೇಳಬೇಕು. ಅಣ್ಣನ ಹೆಸರು ಲೋಕೇಶ, ಊರಿನವರಿಗೆ ಲೋಕಣ್ಣ. ಪಿಕಪ್ ಅವನದು, ಬಾಡಿಗೆ ಓಡಿಸುತ್ತಿದ್ದವನೂ ಅವನೇ. ಭಾನುವಾರ ಶಾಲೆಯ ಮೈದಾನದಲ್ಲಿ ತಂಗಿಯಾದ ನನಗೆ ಗಾಡಿ ಬಿಡಲು ಕಲಿಸುತ್ತಿದ್ದ. ಆರು ವರ್ಷದ ಹಿಂದೆ, ಅವನು ಒಂದು ಮದುವೆಗೆ ಹೋಗಿದ್ದ ದಿನ, ನಾನು ಕೇಳದೆ ಗಾಡಿ ತೆಗೆದುಕೊಂಡು ಸಿದ್ಧಕಟ್ಟೆಯವರೆಗೆ ಹೋದೆ. ಬರುವಾಗ ಇಂಜಿನ್ ಕುದಿಯಿತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಡ್ಯಾಶ್‌ಬೋರ್ಡಿನ ಒಳಗಿನಿಂದ ಬಝರ್ ಕೂಗತೊಡಗಿತು. ಇಳಿದು ನೋಡಿದರೆ ರೇಡಿಯೇಟರಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಸಣ್ಣ ತೂತಾದರೆ ಡ್ರೈವರುಗಳು ನೀರಿಗೆ ಅರಿಶಿನ ಪುಡಿ ಸುರಿಯುತ್ತಾರೆ, ಅದು ಹೋಗಿ ತೂತಿನಲ್ಲಿ ಕೂರುತ್ತದೆ. ಮನೆಗೆ ಬಂದು, ಆರಿದ ಮೇಲೆ ಹಾಗೆಯೇ ಮಾಡಿದೆ. ತೊಟ್ಟಿಕ್ಕುವುದು ಕಡಿಮೆಯಾಯಿತು. ಆದರೆ ಇಂಜಿನ್ ಸುರು ಮಾಡಿದರೆ ಸ್ವಲ್ಪ ಹೊತ್ತಿಗೆ ಬಝರ್ ಮತ್ತೆ ಕೂಗುತ್ತಿತ್ತು. ಅಣ್ಣನಿಗೆ ಗೊತ್ತಾದರೆ ಇನ್ನು ಸ್ಟೇರಿಂಗ್ ಮುಟ್ಟಲು ಬಿಡುವುದಿಲ್ಲ ಎಂದು ಹೆದರಿ, ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ವಯರನ್ನು ಕಿತ್ತೆ. ಬಝರ್ ನಿಂತಿತು. ಮುಳ್ಳು ತಣ್ಣನೆಯ ಬದಿಗೆ ಬಿದ್ದು ಮಲಗಿತು. ನಾಳೆ ಗ್ಯಾರೇಜಿಗೆ ಕೊಟ್ಟು ತಿರುಗಿ ಸಿಕ್ಕಿಸುವ ಎಂದುಕೊಂಡೆ. ನಾಳೆ ಬೀಡಿ ಕೊಡಲಿಕ್ಕಿತ್ತು, ನಾಡಿದ್ದು ಮತ್ತೇನೋ ಇತ್ತು.

ನಾಲ್ಕನೇ ದಿನ ಅಣ್ಣ ಬೆಳ್ತಂಗಡಿಗೆ ಬಾಡಿಗೆ ಹೋದ. ಮಡಂತ್ಯಾರು ದಾಟಿದ ಮೇಲೆ ಒಂದು ಏರು ಉಂಟು. ಆಗ ಅದರ ತಿರುವಿನಲ್ಲಿ ದೈವದ ಕಟ್ಟೆ ಇತ್ತು. ಅಲ್ಲಿ ಒಮ್ಮೆ ಹಾರ್ನ್ ಹಾಕಿ, ಎದೆ ಮುಟ್ಟಿಕೊಂಡು ಹೋಗುವುದು ಡ್ರೈವರುಗಳ ವಾಡಿಕೆ. ಅವನಿಗೆ ತಡವಾಗಿತ್ತು, ಹಾರ್ನ್ ಹಾಕಲಿಲ್ಲ. ಕಟ್ಟೆ ದಾಟಿ ಸ್ವಲ್ಪ ದೂರದಲ್ಲಿ ಇಂಜಿನ್ ಎಳೆಯಲಾರದೆ ಸೋತಿತು. ಮುಳ್ಳು ನೋಡಿದ, ತಣ್ಣಗಿತ್ತು. ಬಝರ್ ಕೂಗಿರಲಿಲ್ಲ. ಹಾಗಾದರೆ ಕುದಿದಿಲ್ಲ, ನೀರು ಮಾತ್ರ ಕಡಿಮೆ ಆಗಿರಬೇಕು ಎಂದು ಇಳಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಮುಖಕ್ಕೆ ಹಾರಿತು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಒಳ್ಳೆ ಬಿಸಿಲಿದ್ದರೆ ಮನುಷ್ಯರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ.

ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಅವನು ಮೊದಲು ಕೇಳಿದ್ದು ಬಝರ್ ಯಾಕೆ ಕೂಗಲಿಲ್ಲ ಎಂದು. ಗ್ಯಾರೇಜಿನಲ್ಲಿ ನೋಡಿದರು, ಅದು ಸರಿ ಉಂಟಂತೆ ಎಂದು ನಾನು ಹೇಳಿಬಿಟ್ಟೆ. ಅಲ್ಲಿಂದ ಮುಂದೆ ಎಲ್ಲ ತಾನಾಗಿ ನಡೆಯಿತು. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಕವಡೆ ಹಾಕಿದವರು, ಎಚ್ಚರಿಸಬೇಕಾದ ಬಾಯಿಯನ್ನು ಕಟ್ಟಲಾಗಿದೆ ಎಂದರು. ಬಾಗಿಲ ಹತ್ತಿರ ನಿಂತಿದ್ದ ನಾನು, ಇನ್ನು ನನ್ನ ಹೆಸರು ಬರುತ್ತದೆ ಎಂದುಕೊಂಡೆ. ಅದಕ್ಕೆ ಅರ್ಥ ಹೇಳಿದವನು ಅಣ್ಣನೇ.

"ನಾನು ಹಾರ್ನ್ ಹಾಕಲಿಲ್ಲ, ದೈವ ಬಝರ್ ಕೂಗಿಸಲಿಲ್ಲ. ಸರಿಯಾಗಿಯೇ ಉಂಟಲ್ಲ."

ಹಿರಿಯರೆಲ್ಲ ತಲೆಯಾಡಿಸಿದರು. ಅಂದಿನಿಂದ ಪ್ರತಿ ಸಂಕ್ರಮಣಕ್ಕೆ ಅವನು ದೀಪ ಹಚ್ಚುವವರೆಗೆ ನೀರು ಮುಟ್ಟದೆ ಇದ್ದು ತಪ್ಪು ಬೇಡಿಕೊಳ್ಳುತ್ತಾನೆ. ಆ ದಿನ ನಾನು ಒಳಗೆ ಗಂಜಿ ಬೇಯಿಸುತ್ತಿರುತ್ತೇನೆ. ಅವನ ಕಣ್ಣು ಹೋದದ್ದರಿಂದ ಸ್ಟೇರಿಂಗ್ ನನ್ನ ಕೈಗೆ ಬಂತು. ಅದೇ ಗಾಡಿಯಲ್ಲಿ ಮನೆ ನಡೆಸಿದೆ. ವಯರನ್ನು ಮಾತ್ರ ಸಿಕ್ಕಿಸಲಿಲ್ಲ. ಸಿಕ್ಕಿಸಿದರೆ ಅದು ಕೂಗಿ ಹೇಳಿಬಿಡುತ್ತದೆ ಎಂಬ ಹಾಗೆ ಹೆದರಿಕೆ.

ಈ ವರ್ಷ ಸಣ್ಣದೊಂದು ಗೂಡ್ಸ್ ಗಾಡಿ ತೆಗೆದುಕೊಂಡೆವು. ಹಳೆಯ ಪಿಕಪ್ಪಿಗೆ ಮೂಡುಬಿದಿರೆಯಲ್ಲಿ ಶಾಮಿಯಾನದ ಕೆಲಸ ಮಾಡುವ ಸುಧಾಕರರು ಸಿಕ್ಕಿದರು. ಆದರೆ ಎರಡು ತಿಂಗಳಿನಿಂದ ಅದು ಮತ್ತೆ ಕುದಿಯುತ್ತಿತ್ತು. ಕುದಿಯುವ ಗಾಡಿಯನ್ನು ಯಾರ ತಲೆಗೂ ಕಟ್ಟುವುದು ಬೇಡ, ಯಾಕೆ ಕುದಿಯುತ್ತದೆ ಎಂದು ನಾನೇ ಜೊತೆಗೆ ಬಂದು ನೋಡುತ್ತೇನೆ ಎಂದ ಅಣ್ಣ. ಸಿದ್ಧಕಟ್ಟೆ ದಾರಿಯಾಗಿ ಹೋದರೆ ಮೂಡುಬಿದಿರೆ ಹತ್ತಿರ. ಆದರೆ ಅವನಿಗೆ ನಂಬಿಕೆಯ ರೇಡಿಯೇಟರ್ ಮೇಸ್ತ್ರಿ ಇರುವುದು ಬೆಳ್ತಂಗಡಿಯಲ್ಲಿ. ಅಲ್ಲಿಗೆ ಹೋಗುವುದು ಮಡಂತ್ಯಾರಿನ ಮೇಲಿಂದ. ಅಪಘಾತದ ನಂತರ ಅಣ್ಣ ಆ ದಾರಿಯಲ್ಲಿ ಹೋಗಿರಲಿಲ್ಲ.

ಹತ್ತೂವರೆಗೆ ಹೊರಟೆವು. ಹಿಂದೆ ಮೂರು ಕ್ಯಾನು ನೀರು, ಒಂದು ಗೋಣಿಚೀಲ. ಬೆಳಗ್ಗೆಯೇ ಶರಟು ಬೆನ್ನಿಗೆ ಅಂಟುವ ಸೆಕೆ. ಹೆದ್ದಾರಿ ಅಗಲ ಮಾಡುವ ಕೆಲಸ ಅಲ್ಲಲ್ಲಿ ಇನ್ನೂ ಮುಗಿದಿರಲಿಲ್ಲ. ಕೆಂಪು ಧೂಳು ಕಿಟಕಿಯಿಂದ ಬಂದು ಅಣ್ಣನ ಬಿಳಿ ಪಂಚೆಯ ಮೇಲೆ ಕೂರುತ್ತಿತ್ತು. ಅವನು ಕಿವಿಯನ್ನು ಇಂಜಿನ್ನಿನ ಕಡೆಗೆ ಕೊಟ್ಟು, ಮೂಗಿನಿಂದ ವಾಸನೆ ಎಳೆಯುತ್ತ ಕೂತಿದ್ದ.

"ನೀನು ಗೇರು ಹಾಕುವುದಾ, ತೆಂಗಿನಕಾಯಿ ಸುಲಿಯುವುದಾ?" ಎಂದ ಒಮ್ಮೆ.

"ಕಲಿಸಿದವ ನೀನೇ ಅಲ್ವ?"

"ಅರ್ಧ ಕಲಿಸುವಾಗ ನಿಲ್ಲಿಸಿದೆ ಮಾರಾಯ್ತಿ," ಎಂದು ನಕ್ಕ. ಆಮೇಲೆ ಕೇಳಿದ, "ಮುಳ್ಳು ಎಲ್ಲುಂಟು?"

ಮುಳ್ಳು ಆರು ವರ್ಷದಿಂದ ಮಲಗಿದಲ್ಲೇ ಮಲಗಿತ್ತು. ಮಧ್ಯದಲ್ಲಿ ಉಂಟು ಎಂದೆ. ಪುಂಜಾಲಕಟ್ಟೆಯಲ್ಲಿ ಕೇಳಿದ, ಮಧ್ಯದಲ್ಲಿ ಎಂದೆ. ಮಡಂತ್ಯಾರಿನ ಹೋಟೆಲಿನಲ್ಲಿ ಬನ್ಸು ತಿಂದು ಚಾ ಕುಡಿದೆವು. ಅಲ್ಲಿ ಅವನು ಲೋಟ ಕೆಳಗಿಟ್ಟು, "ವಾಸನೆ ಒಂದು ಹೇಳ್ತದೆ, ಮುಳ್ಳು ಒಂದು ಹೇಳ್ತದೆ. ಎರಡರಲ್ಲಿ ಒಂದು ಸುಳ್ಳು," ಎಂದ. ನಾನು ಎದ್ದು ದುಡ್ಡು ಕೊಡಲು ಹೋದೆ.

ಏರು ಸುರುವಾದಾಗ ಸರಿಯಾಗಿ ಮಧ್ಯಾಹ್ನ. ರಸ್ತೆ ಕೆಲಸದವರು ಊಟಕ್ಕೆ ಹೋಗಿದ್ದರು. ಮಣ್ಣು ಅಗೆಯುವ ಯಂತ್ರಗಳು ಕೊಕ್ಕು ನೆಲಕ್ಕೂರಿ ನಿಂತಿದ್ದವು. ಹಿಂದೆ ಮುಂದೆ ಒಂದು ಬೈಕೂ ಇಲ್ಲ. ಕಟ್ಟೆ ಈಗ ಅಲ್ಲಿಲ್ಲ. ರಸ್ತೆಗೆ ಜಾಗ ಬೇಕಾಗಿ ಅದನ್ನು ಮೇಲಿನ ಗುಡ್ಡಕ್ಕೆ ಒಯ್ದಿದ್ದಾರೆ. ಅದಿದ್ದಲ್ಲಿ ಬರೀ ಜಲ್ಲಿ. ಅಣ್ಣನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆದರೂ ಅವನು ಅದಿದ್ದ ಜಾಗದ ಕಡೆಗೆ ಸರಿಯಾಗಿ ಮುಖ ತಿರುಗಿಸಿ, "ಹಾರ್ನ್ ಹಾಕು," ಎಂದ.

ಈ ಏರಿನಲ್ಲಿ ನಾನು ಆರು ವರ್ಷದಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಒಮ್ಮೆಯೂ ಹಾರ್ನ್ ಹಾಕಿರಲಿಲ್ಲ, ಹಾಕಲು ಮುಖವಿರಲಿಲ್ಲ. ಆ ದಿನ ಹಾಕಿದೆ.

ಹಾರ್ನಿನ ಸದ್ದು ಮುಗಿದ ಕೂಡಲೇ ಬಝರ್ ಕೂಗಿತು.

ವಯರಿಲ್ಲದ ಬಝರ್ ಅದು. ಮುಳ್ಳು ಮಲಗಿದಲ್ಲಿಂದ ಎದ್ದು, ನನ್ನ ಕಣ್ಣ ಮುಂದೆಯೇ, ಕೆಂಪು ಗೆರೆಯ ಆಚೆಗೆ ಹೋಗಿ ನಿಂತು ನಡುಗುತ್ತಿತ್ತು. ಗಾಡಿಯನ್ನು ಬದಿಗೆ ಎಳೆದು ಕೀ ತಿರುಗಿಸಿದೆ. ಸದ್ದು ನಿಂತಿತು. ಬಾನೆಟ್ಟಿನ ಸಂದುಗಳಿಂದ ಹಬೆ ಏಳತೊಡಗಿತು. ಅಣ್ಣ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ, ಜ್ವರ ನೋಡುವವರ ಹಾಗೆ.

"ಶಶಿ, ಕೂಗಿತು," ಎಂದ ಮೆಲ್ಲಗೆ. "ನೀನು ಕರೆದೆ, ಅದು ಓ ಅಂದಿತು."

ನಾನು ಕೀಯನ್ನು ತಿರುಗಿ ಅರ್ಧ ತಿರುಗಿಸಿ ನೋಡಿದೆ. ಇಂಜಿನ್ ಕುದಿಯುತ್ತಲೇ ಇತ್ತು, ಬಝರ್ ಇಲ್ಲ, ಮುಳ್ಳು ಮತ್ತೆ ತಣ್ಣನೆಯ ಬದಿಯಲ್ಲಿ ಮಲಗಿತ್ತು. ಅದನ್ನು ಅಣ್ಣನಿಗೆ ಹೇಳಲಿಲ್ಲ.

ಮುಚ್ಚಳ ಮುಟ್ಟದೆ ಅರ್ಧ ಗಂಟೆ ಕಾದೆವು. ಗಾಳಿ ಇರಲಿಲ್ಲ, ಒಂದು ಎಲೆಯೂ ಅಲ್ಲಾಡಲಿಲ್ಲ. ಹಬೆ ನೇರ ಮೇಲೆ ಹೋಗಿ ಆ ಜಲ್ಲಿಯ ಕಡೆಗೆ ಬಾಗುತ್ತಿತ್ತು, ಅಥವಾ ನನಗೆ ಹಾಗೆ ಕಂಡಿತು. ಆಮೇಲೆ ಅಣ್ಣ ಬಾನೆಟ್ ಎತ್ತಿಸಿದ. ತನ್ನ ಮುಖ ಸುಟ್ಟ ಅದೇ ಇಂಜಿನ್ನಿನ ಮುಂದೆ, ಅದೇ ಜಾಗದಲ್ಲಿ, ಕೈ ಚಾಚಿ ನಿಂತ. ಮೊದಲು ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಬಿಗಿಯಿತ್ತು. ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಗೋಣಿಯ ಮೇಲಿಂದ ಮುಟ್ಟಿ ಕೈ ತೆಗೆದ. ಕೆಳಗಿನ ಪೈಪನ್ನು ಬರಿಗೈಯಲ್ಲಿ ಹಿಡಿದುಕೊಂಡೇ ನಿಂತ.

"ಮೇಲಿನದು ಸುಡ್ತದೆ, ಕೆಳಗಿನದು ತಣ್ಣಗೆ ಉಂಟು. ನೀರು ರೇಡಿಯೇಟರಿನಲ್ಲಿ ಇಳಿಯುವುದೇ ಇಲ್ಲ. ಒಳಗೆ ಎಂತದೋ ಕಟ್ಟಿದೆ."

ಅವನ ಕೈ ಅಲ್ಲಿಂದ ಇಂಜಿನ್ನಿನ ಮೇಲೆ, ಒಂದೊಂದೇ ವಯರನ್ನು ಎಣಿಸುವ ಹಾಗೆ ಸರಿಯತೊಡಗಿತು. ಇನ್ನೊಂದು ಗೇಣು ಹೋದರೆ ಸೆನ್ಸರು. ನಾನು ಅವನ ಮಣಿಕಟ್ಟು ಹಿಡಿದು ಎಳೆದೆ. ಅಲ್ಲಿ ಬಿಸಿ ಉಂಟು ಅಣ್ಣ ಎಂದೆ. ಅವನು ನನ್ನ ಕೈಯ ಮೇಲೆ ಮೆಲ್ಲಗೆ ತಟ್ಟಿದ. ನಾನು ಅವನನ್ನು ಕಾಪಾಡಿದೆ ಎಂದುಕೊಂಡಿರಬೇಕು.

ನೀರು ತುಂಬಿಸಿ, ನಡುವೆ ಎರಡು ಸಲ ನಿಲ್ಲಿಸಿ, ಗುರುವಾಯನಕೆರೆಯಾಗಿ ಬೆಳ್ತಂಗಡಿ ಮುಟ್ಟುವಾಗ ಒಂದೂವರೆ. ರೇಡಿಯೇಟರ್ ಮೇಸ್ತ್ರಿ ಇದಿನಬ್ಬ ಕಾಕ ಊಟ ಮುಗಿಸಿ ತಗಡಿನ ಚಪ್ಪರದ ಅಡಿಯಲ್ಲಿ ಕೂತಿದ್ದರು. ಅರುವತ್ತು ದಾಟಿದ ಬ್ಯಾರಿ ಹಿರಿಯರು. ಅಣ್ಣನ ಸುಟ್ಟ ಮುಖವನ್ನು ಅವರು ಮೊದಲ ಸಲ ನೋಡುತ್ತಿದ್ದುದು. ಅದರ ಬಗ್ಗೆ ಏನೂ ಕೇಳದೆ, ಇಷ್ಟು ವರ್ಷ ಎಲ್ಲಿಗೆ ಹೋಗಿದ್ದಿರಿ ಲೋಕಣ್ಣ, ಬೆಳ್ತಂಗಡಿಯ ರೇಡಿಯೇಟರುಗಳೆಲ್ಲ ನಿಮ್ಮನ್ನು ಕೇಳ್ತಾ ಇದ್ದವು ಎಂದರು. ಅಣ್ಣ ನಕ್ಕು ಪೈಪುಗಳ ವಿಷಯ ಹೇಳಿದ. ಅದೇ ಕಾಯಿಲೆ ಎಂದು ಅವರು ಒಪ್ಪಿದರು.

ಚೆನ್ನಾಗಿ ಆರಲು ಬಿಟ್ಟು, ಅಡಿಯ ಬಿರಡೆ ತೆಗೆದರು. ಬಂದ ನೀರನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಹೋದೆ. ಗಟ್ಟಿ ಕೆಂಪು. ದೃಷ್ಟಿ ತೆಗೆಯಲು ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವ ಕುರ್ದಿ ನೀರು ಇರುತ್ತದಲ್ಲ, ಅದೇ ಬಣ್ಣ. ಬಾಲ್ದಿ ತುಂಬಿ ನೆಲದಲ್ಲಿ ಹರಿದು ಅಣ್ಣನ ಪಾದದವರೆಗೆ ಬಂತು. ಒದ್ದೆ ತಾಗಿ ಅವನು ಕಾಲು ಎತ್ತಿಕೊಂಡ.

"ನೀರು ಯಾವ ಬಣ್ಣ ಉಂಟು?" ಎಂದು ಕೇಳಿದ.

ನಾನು ಕೆಂಪು ಎಂದೆ. ಅವನ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಇದಿನಬ್ಬ ಕಾಕ ಆ ನೀರಿನಲ್ಲಿ ಬೆರಳು ಅದ್ದಿ ಮೂಸಿ, ಅರಿಶಿನ ಹಾಕಿದ್ದೀರಿ, ಒಂದು ಸಲ ಅಲ್ಲ, ತುಂಬ ಸಲ ಎಂದರು. ಬಾವಿ ನೀರಿನ ಸುಣ್ಣದಂಥ ಗಸಿಗೆ ಅರಿಶಿನ ಸೇರಿದರೆ ಕೆಂಪಾಗುತ್ತದೆ, ತುಕ್ಕೂ ಸೇರಿದರೆ ಕೇಳುವುದು ಬೇಡ. ಎಲ್ಲ ಹೋಗಿ ಒಳಗಿನ ನಳಿಗೆಗಳಲ್ಲಿ ಕಟ್ಟಿದೆ ಎಂದು ವಿವರಿಸಿದರು. ತೊಟ್ಟಿಕ್ಕಿದಾಗೆಲ್ಲ ನಾನೇ ಹಾಕುತ್ತಿದ್ದೆ ಎಂದು ಒಪ್ಪಿಕೊಂಡೆ. ಅಷ್ಟನ್ನು ಒಪ್ಪುವುದು ಸುಲಭವಿತ್ತು. ಅಣ್ಣ ಬೈಯಲೂ ಇಲ್ಲ. ಎಲ್ಲರೂ ಹಾಕುವುದೇ ಬಿಡು ಎಂದ.

ಅವನನ್ನು ಎದುರಿನ ಹೋಟೆಲಿನಲ್ಲಿ ಗಂಜಿಗೆ ಕೂರಿಸಿ ನಾನು ತಿರುಗಿ ಬಂದೆ. ಇದಿನಬ್ಬ ಕಾಕ ರೇಡಿಯೇಟರಿನ ತಲೆ ಬಿಚ್ಚಿ, ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ನಳಿಗೆಗಳಲ್ಲಿ ಆಡಿಸಿ ಗಸಿ ತೆಗೆದು, ತೂತನ್ನು ಬೆಸುಗೆ ಹಾಕಿ ಮುಚ್ಚುತ್ತಿದ್ದರು. ಎರಡು ಗಂಟೆಯ ಕೆಲಸ. ತಿರುಗಿ ಕೂರಿಸುವಾಗ ಅವರ ಕಣ್ಣಿಗೆ ಅದು ಬಿತ್ತು. ವಯರನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

ಬಝರ್ ದಾರಿಯಲ್ಲಿ ಕೂಗಿದ್ದನ್ನು ಅಣ್ಣ ಅವರಿಗೆ ಹೇಳಿದ್ದ. ಅದಕ್ಕೆ ಕಾರಣ ಇದೇ ಎಂದರು. ಟೇಪು ಬಿಸಿಗೆ ಒಣಗಿ ಉದುರಿದೆ. ಬರಿ ತುದಿ ಇಂಜಿನ್ನಿನ ಮೈಗೆ ತಾಗಿದರೆ ಸಾಕು, ಮುಳ್ಳು ಮೇಲೆ ಹಾರುತ್ತದೆ, ಬಝರ್ ಕೂಗುತ್ತದೆ. ಅಷ್ಟು ದಾರಿಯಲ್ಲಿ ಎಷ್ಟು ಹೊಂಡಗಳಿದ್ದವು, ಅಲ್ಲೇ ಯಾಕೆ ತಾಗಿತು ಎಂದು ಕೇಳಿದೆ. ಅದು ನನಗೆ ಗೊತ್ತಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಇದು ತಾನಾಗಿ ಬಿಟ್ಟದ್ದಲ್ಲ ಅಕ್ಕ. ಯಾರೋ ಕಿತ್ತು ಟೇಪು ಸುತ್ತಿದ್ದಾರೆ."

"ನಾನು," ಎಂದೆ. ಆರು ವರ್ಷದಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂತು, ಅದೂ ಗುರುತಿಲ್ಲದವರ ಹತ್ತಿರ.

"ಲೋಕಣ್ಣನ ಕಣ್ಣು ಹೋಗುವ ಮೊದಲಾ, ಮತ್ತೆಯಾ?"

"ಮೊದಲು."

ಅವರು ಹೋಟೆಲಿನ ಕಡೆ ನೋಡಿದರು. ಅಣ್ಣ ಊಟ ಮುಗಿಸಿ, ಚಾದ ಲೋಟಕ್ಕಾಗಿ ಮೇಜಿನ ಮೇಲೆ ಬೇರೆ ಕಡೆ ತಡಕುತ್ತಿದ್ದ. ಇದಿನಬ್ಬ ಕಾಕ ವಯರಿನ ತುದಿಯನ್ನು ಉಜ್ಜಿ ಸೆನ್ಸರಿಗೆ ಸಿಕ್ಕಿಸಿದರು, ಎಳೆದು ನೋಡಿದರು. "ನಾನು ರೇಡಿಯೇಟರ್ ಮಾಡುವವ. ಉಳಿದದ್ದು ನೀವು ಮಾಡಬೇಕು," ಎಂದರು.

ಕೆಲಸ ಮುಗಿದಾಗ ನಾಲ್ಕು ಗಂಟೆ. ಗುರುವಾಯನಕೆರೆಯಿಂದ ನೇರ ಮೂಡುಬಿದಿರೆಗೆ ತಿರುಗುವ ಎಂದೆ. ಅಣ್ಣ ಒಪ್ಪಲಿಲ್ಲ. ಎಲ್ಲಿ ಕುದಿದದ್ದೋ ಅಲ್ಲಿಯೇ ಹತ್ತಿಸಿ ನೋಡಬೇಕು, ಇಲ್ಲದಿದ್ದರೆ ಸರಿಯಾಗಿದೆ ಎಂದು ಹೇಳುವುದು ಹೇಗೆ ಎಂದ. ಮಡಂತ್ಯಾರಿನವರೆಗೆ ಹಿಂದೆ ಹೋಗಿ ಮತ್ತೆ ಏರು ಹತ್ತಿದೆವು. ಈ ಸಲ ಮುಳ್ಳು ಎಲ್ಲುಂಟು ಎಂದು ಅವನು ಕೇಳಿದಾಗೆಲ್ಲ ನಾನು ನಿಜವನ್ನೇ ಹೇಳಿದೆ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಈಗ ಮಧ್ಯದಲ್ಲಿ. ಅಲ್ಲೇ ನಿಂತಿದೆ. ನನ್ನ ದನಿ ಬೇರೆಯಾಗಿರಬೇಕು, ಅವನು ಒಮ್ಮೆ ನನ್ನ ಕಡೆ ತಿರುಗಿದ. ತಿರುವಿನಲ್ಲಿ ಹಾರ್ನ್ ಹಾಕಿದೆ. ಉತ್ತರ ಬರಲಿಲ್ಲ.

"ಸಮಾಧಾನ ಆಯ್ತು ಅದಕ್ಕೆ," ಎಂದು ಅವನು ಗಾಡಿ ನಿಲ್ಲಿಸಲು ಹೇಳಿದ.

ಕೆಲಸದವರು ಯಂತ್ರಗಳನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಅವನು ಚಪ್ಪಲಿ ಬಿಟ್ಟು, ಕಾದ ಜಲ್ಲಿಯ ಮೇಲೆ ಬರಿಗಾಲಿನಲ್ಲಿ ನಿಂತು, ಏನೂ ಇಲ್ಲದ ಜಾಗಕ್ಕೆ ಕೈಮುಗಿದ. ಮನೆಯಲ್ಲಿ ಅವನು ಮನಸ್ಸಿನೊಳಗೆ ಬೇಡಿಕೊಳ್ಳುವುದು. ಇಲ್ಲಿ ಬಾಯಿಬಿಟ್ಟು ಹೇಳಿದ.

"ಹಾರ್ನ್ ಹಾಕದೆ ಹೋದವ ನಾನು. ಶಿಕ್ಷೆ ಕೊಟ್ಟದ್ದು ಸರಿಯೇ. ಆದರೆ ಈ ತಂಗಿಯ ಮೇಲೆ ಹಾಕಬೇಡ. ಅವಳು ಎಂತದೂ ಮಾಡಿದವಳಲ್ಲ."

ನಾನು ಗಾಡಿಯ ಬಾಗಿಲು ಹಿಡಿದು ನಿಂತಿದ್ದೆ. ಆಗಲೇ ಹೇಳಬೇಕಿತ್ತು. ಮೇಲೆ ಗುಡ್ಡದಲ್ಲಿ, ಕಟ್ಟೆಯನ್ನು ಒಯ್ದ ಕಡೆಯಲ್ಲಿ, ಯಾರೋ ಕೆಮ್ಮಿದ ಹಾಗಾಯಿತು. ತಲೆ ಎತ್ತಿ ನೋಡಿದೆ, ಯಾರೂ ಇರಲಿಲ್ಲ. ಅಣ್ಣನೂ ಆ ಕಡೆಗೆ ಕಿವಿ ಕೊಟ್ಟ. ಆಮೇಲೆ ಚಪ್ಪಲಿ ಹುಡುಕಿ ಹಾಕಿಕೊಂಡು ಬಂದು ಕೂತ. ಅಂಗಾಲು ಕೆಂಪಾಗಿತ್ತು.

ವೇಣೂರಿನ ಮೇಲಿಂದ ಮೂಡುಬಿದಿರೆಗೆ ಬಂದೆವು. ಒಂದು ಸಲವೂ ನಿಲ್ಲಿಸಬೇಕಾಗಲಿಲ್ಲ, ಒಂದು ಕ್ಯಾನು ನೀರೂ ಬೇಕಾಗಲಿಲ್ಲ. ದಾರಿಯುದ್ದಕ್ಕೂ ಅಣ್ಣ ನಿದ್ದೆ ಮಾಡಿದ. ಅಪಘಾತದ ನಂತರ ಅವನು ಈ ಗಾಡಿಯಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಆರೂಕಾಲಕ್ಕೆ ಸುಧಾಕರರ ಅಂಗಳದಲ್ಲಿ ನಿಲ್ಲಿಸಿದೆ. ಅವರು ಸುತ್ತು ಬಂದು ನೋಡಿ, ಶರಬತ್ತು ಕೊಟ್ಟು, ಗಾಡಿಗೆ ಏನಾದರೂ ದೋಷ ಉಂಟಾ ಲೋಕಣ್ಣ, ಇದ್ದರೆ ಹೇಳಿಬಿಡಿ ಎಂದರು.

"ಗಾಡಿಗೆ ದೋಷ ಇಲ್ಲ," ಎಂದ ಅಣ್ಣ. "ಇದ್ದದ್ದು ನನ್ನದು. ಅದನ್ನು ಇವತ್ತು ಅಲ್ಲೇ ಬಿಟ್ಟು ಬಂದೆ."

ಸಿದ್ಧಕಟ್ಟೆಯಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸು ಸಿಕ್ಕಿತು. ಖಾಸಗಿ ಬಸ್ಸು, ಹೆಂಗಸರಿಗೂ ಟಿಕೇಟು ಉಂಟು. ಕೆಲಸ ಬಿಟ್ಟು ಹೋಗುವವರಿಂದ ತುಂಬಿತ್ತು. ಅಣ್ಣನ ಮುಖ ನೋಡಿ ಒಬ್ಬರು ಎದ್ದು ಜಾಗ ಕೊಟ್ಟರು. ಮುಂದಿನ ಸ್ಟಾಪಿನಲ್ಲಿ ಅವನ ಪಕ್ಕದ ಜಾಗ ನನಗೆ ಸಿಕ್ಕಿತು. ಪೇಟೆ ದಾಟಿ ಬಸ್ಸು ಓಡತೊಡಗಿದಾಗ ಅವನು ಕೇಳಿದ, ಇನ್ನು ಸಂಕ್ರಮಣದ ಉಪವಾಸ ಬಿಡಬಹುದಾ, ಅಥವಾ ಸಾಯುವವರೆಗೆ ಇಟ್ಟುಕೊಳ್ಳುವುದು ಒಳ್ಳೆಯದಾ, ನೀನು ಎಂತ ಹೇಳ್ತಿ ಎಂದು. ಎಂದೂ ಇಲ್ಲದೆ ನನ್ನ ಅಭಿಪ್ರಾಯ ಕೇಳಿದ್ದ.

ನಾನು ಮೆಲ್ಲಗೆ ಹೇಳಿದೆ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಎಂತದು ಎಂದ. ಅಷ್ಟು ಹತ್ತಿರದಿಂದ ಅವನ ಕೆನ್ನೆಯ ಸುಟ್ಟ ಚರ್ಮವನ್ನು ನಾನು ನೋಡಿರಲಿಲ್ಲ, ನೋಡದ ಹಾಗೆ ಇರಲು ಕಲಿತಿದ್ದೆ. ಕಂಡಕ್ಟರ್ ನಮ್ಮ ಪಕ್ಕದಲ್ಲೇ ಚಿಲ್ಲರೆ ಹಿಡಿದು ನಿಂತಿದ್ದ. ಮುಂದಿನ ಸೀಟಿನ ಹೆಂಗಸರು ಮಾತು ನಿಲ್ಲಿಸಿದ್ದರು. ಎಲ್ಲರಿಗೂ ಕೇಳುತ್ತದೆ ಎಂದು ಗೊತ್ತಿದ್ದೂ ಗಟ್ಟಿಯಾಗಿ ಹೇಳಿದೆ.

"ಉಪವಾಸ ಬೇಡ ಅಣ್ಣ. ದೈವ ಎಂತದೂ ಮಾಡಲಿಲ್ಲ, ನೀನೂ ಮಾಡಲಿಲ್ಲ. ಬಝರಿನ ವಯರು ಕಿತ್ತವಳು ನಾನು. ನೀನು ಮದುವೆಗೆ ಹೋದ ದಿನ ಗಾಡಿ ಕುದಿಸಿದೆ, ನಿನಗೆ ಗೊತ್ತಾಗಬಾರದು ಎಂದು ಕಿತ್ತೆ. ಬಝರ್ ಸರಿ ಉಂಟು ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ. ಇವತ್ತು ಮಡಂತ್ಯಾರಿನವರೆಗೂ ಮುಳ್ಳಿನ ವಿಷಯ ಸುಳ್ಳು ಹೇಳಿದೆ. ನಿನ್ನ ಕಣ್ಣು ತೆಗೆದವಳು ನಾನು. ತಪ್ಪಾಯಿತು ಅಣ್ಣ. ನನ್ನಿಂದ ತಪ್ಪಾಯಿತು."